ತಾಯಂದಿರ ಕೂಟದ ಬಾಗಿಲು

ಚರ್ಚಿನ ಮಕ್ಕಳು ಅವಳಿಗೆ ಚಾಳೀಸಮ್ಮ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದದ್ದು ಆಮೇಲೆ ಎದುರಿಗೇ ಬಂತು. ಕೊನೆಗೆ ಅವಳ ಗಂಡನೂ ಅದನ್ನೇ ಹಿಡಿದುಕೊಂಡ. ಬಸ್ ನಿಲ್ದಾಣದ ಎದುರಿನ ಕನ್ನಡಕದ, ಹಳಬರ ಬಾಯಲ್ಲಿ ಚಾಳೀಸಿನ, ಅಂಗಡಿಯಲ್ಲಿ ಅವಳ ಕೆಲಸ. ಕಣ್ಣು ಪರೀಕ್ಷೆ ಮಾಡುವ ಡಾಕ್ಟರು ಒಳಕೋಣೆಯಲ್ಲಿ ಬೇರೆ ಇದ್ದರು. ಇವಳದ್ದು ಅದರ ಮುಂದಿನ ಕೆಲಸ: ಗಾಜು ಕೂರಿಸುವುದು, ಸಡಿಲಾದ ಸ್ಕ್ರೂ ಬಿಗಿ ಮಾಡುವುದು, ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಮೆತ್ತಗಾಗಿಸಿ ಕಿವಿಯ ಹಿಂದೆ ಸರಿಯಾಗಿ ಕೂರುವಂತೆ ಬಾಗಿಸುವುದು. ದಿನವಿಡೀ ಗುರುತಿಲ್ಲದವರ ಮುಖಕ್ಕೆ ಅಷ್ಟು ಹತ್ತಿರ ನಿಂತು ಕೆಲಸ ಮಾಡುವವಳೇ ಆದರೂ, ನಾಲ್ಕು ಜನರೆದುರು ಎದ್ದು ಮಾತಾಡು ಎಂದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಹಾಗಾಗಿ ಚರ್ಚಿನಲ್ಲಿ ಯಾವಾಗಲೂ ಬಾಯಿ ಬಿಡಬೇಕಿಲ್ಲದ ಕೆಲಸಗಳನ್ನೇ ಆರಿಸಿಕೊಂಡಿದ್ದಳು.

ಅವುಗಳಲ್ಲಿ ದೊಡ್ಡದು ತಾಯಂದಿರ ಕೂಟದ ಕೆಲಸ. ಗುರುವಾರ ಸಂಜೆ ಅಂಗಡಿಯಿಂದ ನೇರವಾಗಿ ಬಂದು ಚರ್ಚಿನ ಹಿಂದಿನ ದೊಡ್ಡ ಕೋಣೆಯ ಬೀಗ ತೆಗೆಯುವುದು, ಕುರ್ಚಿಗಳನ್ನು ದುಂಡಗೆ ಜೋಡಿಸುವುದು, ಚಹಾಕ್ಕೆ ನೀರಿಡುವುದು. ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಒಂದು ಹಾಡು, ಒಂದು ಪ್ರಾರ್ಥನೆ, ಆಮೇಲೆ ಮನೆಯ ಮಾತು. ಮನೆಯ ಮಾತೆಂದರೆ ಮಕ್ಕಳ ಮಾತು: ಯಾರ ಮಗನಿಗೆ ಗಣಿತ ತಲೆಗೆ ಹತ್ತುವುದಿಲ್ಲ, ಯಾರ ಮಗಳು ಹುಡುಗನನ್ನು ಒಪ್ಪಿಕೊಂಡಳು, ಯಾರ ಸೊಸೆ ಮಾತು ಬಿಟ್ಟಿದ್ದಾಳೆ. ಚಾಳೀಸಮ್ಮ ಕಪ್ಪುಗಳನ್ನು ಹಂಚುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ಅವಳನ್ನು ಕೂಟಕ್ಕೆ ಕರೆತಂದವರು ಅದನ್ನು ಶುರುಮಾಡಿದ ಹಿರಿಯಾಕೆ. ಮಕ್ಕಳಾಗಲಾರವೆಂದು ಡಾಕ್ಟರುಗಳೆಲ್ಲ ಕೈಚೆಲ್ಲಿದ ಕಾಲ ಅದು. ಚಾಳೀಸಮ್ಮ ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತ ಯಾರಿಗೂ ಮುಖ ಕೊಡದೆ ಓಡಾಡುತ್ತಿದ್ದಳು. ಹಿರಿಯಾಕೆ ಒಂದು ಸಂಜೆ ಅಂಗಡಿಗೇ ಬಂದು, ಕೈ ಹಿಡಿದು, ನಮ್ಮ ಮಕ್ಕಳೆಲ್ಲ ನಿನ್ನ ಮಕ್ಕಳೇ, ನಡಿ ಎಂದು ಎಬ್ಬಿಸಿಕೊಂಡು ಹೋಗಿದ್ದರು. ಆ ಪ್ರೀತಿಯಲ್ಲಿ ಹುಳುಕಿರಲಿಲ್ಲ. ಆದರೂ ಬಾಗಿಲ ಮೇಲಿನ 'ತಾಯಂದಿರ ಕೂಟ' ಎಂಬ ಬೋರ್ಡಿನಡಿ ಹಾದು ಒಳಗೆ ಹೋಗುವಾಗ, ಬೇರೆಯವರ ಟಿಕೆಟ್ಟಿನಲ್ಲಿ ರೈಲು ಹತ್ತಿದವಳಂತೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಎಂದರೆ ಪರವಾಗಿರಲಿಲ್ಲ. ತರಕಾರಿಯವನೂ ಅಮ್ಮ ಅನ್ನುತ್ತಿದ್ದ, ಬಸ್ಸಿನ ಕಂಡಕ್ಟರೂ ಅಮ್ಮ ಅನ್ನುತ್ತಿದ್ದ, ಅಂಗಡಿಗೆ ಬರುವ ಅವಳಿಗಿಂತ ದೊಡ್ಡವರೂ ಅಮ್ಮ ಅನ್ನುತ್ತಿದ್ದರು. ಅದು ಬಾಯಿಮಾತು, ಅದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ತಾಯಿ ಎಂದು ಬೋರ್ಡಿನ ಮೇಲೆ ಬರೆದಾಗ ಮಾತ್ರ ಅದು ಬೇರೆಯೇ ಆಗುತ್ತಿತ್ತು. ವರ್ಷಕ್ಕೊಮ್ಮೆ ಆರಾಧನೆ ಮುಗಿದ ಮೇಲೆ ತಾಯಂದಿರಿಗೆಲ್ಲ ಒಂದೊಂದು ಹೂ ಕೊಡುತ್ತಿದ್ದರು. ಪ್ರತಿ ಸಲವೂ ಯಾರೋ ಒಬ್ಬರು ಕೊನೆಗೆ ನೆನಪಾದವರಂತೆ ಅವಳ ಹತ್ತಿರ ಬಂದು, ನೀವೂ ತಗೊಳ್ಳಿ, ಎನ್ನುತ್ತಿದ್ದರು. ಆ 'ನೀವೂ' ಎಂಬುದರಲ್ಲಿನ ದೀರ್ಘವನ್ನು ಅವಳು ನುಂಗಿಕೊಂಡು ನಗುತ್ತಿದ್ದಳು. ನುಂಗಿ ನುಂಗಿ ಅದು ರೂಢಿಯಾಯಿತು.

ಹಿರಿಯಾಕೆ ತೀರಿಕೊಂಡ ಮೇಲೆ ಅವರ ಮಗಳು ಕೂಟದ ಅಧ್ಯಕ್ಷೆಯಾದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಆಕೆಯನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಚಾಳೀಸಮ್ಮನಿಗೆ ಸ್ವಂತ ಅಕ್ಕ ಇರಲಿಲ್ಲ. ಇದ್ದಿದ್ದರೂ ಟೀಚರಮ್ಮನಷ್ಟು ಬೈಯುತ್ತಿರಲಿಲ್ಲ, ಅವರಷ್ಟು ನೋಡಿಕೊಳ್ಳುತ್ತಲೂ ಇರಲಿಲ್ಲವೇನೋ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಒಂದು ಗುರುವಾರ ಆ ಹೆಂಗಸು ಬಂದಳು.

ಕೂಟ ಇನ್ನೂ ಶುರುವಾಗಿರಲಿಲ್ಲ. ಚಾಳೀಸಮ್ಮ ನೀರು ತುಂಬಿದ ಪಾತ್ರೆ ಹಿಡಿದು ಬಾಗಿಲಿಗೆ ಬಂದರೆ ಹೊರಗೆ ಒಬ್ಬಳು ತಲೆ ಎತ್ತಿ ಬೋರ್ಡು ಓದುತ್ತ ನಿಂತಿದ್ದಳು. ಮೂವತ್ತೈದರ ಆಸುಪಾಸು, ಹೆಗಲಿಗೆ ಕೆಲಸದ ಚೀಲ, ಕಣ್ಣಿಗೆ ಒಂದು ಕಡೆ ವಾಲಿದ ಕನ್ನಡಕ. ಚರ್ಚಿನಲ್ಲಿ ಎಂದೂ ಕಂಡ ಮುಖವಲ್ಲ. ಅವಳು ಮೆಲ್ಲಗೆ ಕೇಳಿದಳು, "ಇದು ತಾಯಂದಿರಿಗೆ ಮಾತ್ರಾನಾ?"

ಇಲ್ಲ, ಬನ್ನಿ, ನಾನೇ ಇಲ್ಲಿಲ್ಲವೇ ಎನ್ನಬೇಕಿತ್ತು. ಎರಡೇ ಮಾತು. ಆದರೆ ಚಾಳೀಸಮ್ಮನ ನಾಲಿಗೆ ಹೊರಳಲಿಲ್ಲ. ಅಷ್ಟು ವರ್ಷ ತನ್ನೊಳಗೇ ಕೇಳಿಕೊಂಡ ಪ್ರಶ್ನೆಯನ್ನು ಬೇರೆ ಯಾರೋ ಬಾಯಿಬಿಟ್ಟು ಕೇಳಿಬಿಟ್ಟಿದ್ದರು.

"ಹೌದು... ಅಂದ್ರೆ..." ಎಂದಳು.

"ಪರವಾಗಿಲ್ಲ ಬಿಡಿ," ಎಂದು ಆ ಹೆಂಗಸು ಚೀಲ ಸರಿಮಾಡಿಕೊಂಡು ಹೊರಟೇ ಹೋದಳು. ಚಾಳೀಸಮ್ಮ ಪಾತ್ರೆ ಕೆಳಗಿಟ್ಟು ಗೇಟಿನ ತನಕ ಓಡುವಷ್ಟರಲ್ಲಿ ಬೀದಿಯ ಜನರಲ್ಲಿ ಅವಳು ಕರಗಿಹೋಗಿದ್ದಳು.

ಅಂದಿನಿಂದ ಚಾಳೀಸಮ್ಮನಿಗೆ ಅದೇ ಯೋಚನೆ. ಪಾಪ, ಮಕ್ಕಳಿಲ್ಲದವಳೇ ಇರಬೇಕು. ಮನೆಯಲ್ಲಿ ಕೂರಲಾರದೆ ಬಂದಿರಬೇಕು. ಬಾಗಿಲಲ್ಲಿ ನಿಂತವಳನ್ನು ನಾನೇ ಅಟ್ಟಿಬಿಟ್ಟೆ. ಅಂಗಡಿಯಲ್ಲಿ ಯಾರದೋ ಫ್ರೇಮಿಗೆ ಯಾರದೋ ಗಾಜು ಕೂರಿಸಲು ಹೋಗಿ ಡಾಕ್ಟರಿಂದ ಮಾತು ಕೇಳಿದಳು. ಬೀದಿಯಲ್ಲಿ ವಾಲಿದ ಕನ್ನಡಕ ಕಂಡರೆ ತಿರುಗಿ ನೋಡುವಳು. ಗಂಡನಿಗೆ ಹೇಳಿದಳು. ಅವನದ್ದು ಲಿಫ್ಟು ರಿಪೇರಿಯ ಕೆಲಸ. ಯಾವ ವಿಷಯ ಹೇಳಿದರೂ ಅದು ಲಿಫ್ಟಿಗೇ ಬಂದು ನಿಲ್ಲುತ್ತಿತ್ತು.

"ಸಾಮಾನು ಸಾಗಿಸಲು ಮಾತ್ರ ಅಂತ ಬಾಗಿಲ ಮೇಲೆ ಬರೆದಿದ್ರೆ ಜನ ಮೆಟ್ಟಿಲು ಹತ್ತಿಕೊಂಡೇ ಹೋಗ್ತಾರೆ," ಎಂದ. "ಲಿಫ್ಟು ಖಾಲಿ ಇದ್ರೂ ಅಷ್ಟೇ. ಬರೆದದ್ದನ್ನ ಅಳಿಸಬೇಕು, ಅಷ್ಟೇ ತಾನೇ?"

ಅಷ್ಟೇ ತಾನೇ ಅನ್ನುವುದು ಅವನಿಗೆ ಸುಲಭ. ಅಳಿಸಿ ಎಂದು ಹೇಳುವವರು ಯಾರು? ತಾನೇ ಹೇಳಿದರೆ ಎಲ್ಲರೂ ಏನಂದುಕೊಳ್ಳುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಾಪ, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳು ನೋಡಿ, ಅನ್ನುತ್ತಾರೆ. ಹೊಸಬರ ನೆಪದಲ್ಲಿ ತನ್ನ ನೋವು ತೋಡಿಕೊಂಡಳು, ಅನ್ನುತ್ತಾರೆ. ಆ 'ಪಾಪ' ಎಂಬ ಮಾತಿಗಿಂತ ಬೈಗುಳವೇ ವಾಸಿ ಎನಿಸುತ್ತಿತ್ತು ಅವಳಿಗೆ. ಇನ್ನೊಂದು ಭಯ ಅದಕ್ಕೂ ಕೆಳಗೆ ಕೂತಿತ್ತು: ಅವರು ಹಾಗಂದರೆ ಅದು ಪೂರ್ತಿ ಸುಳ್ಳೂ ಆಗಿರುವುದಿಲ್ಲ.

ಆ ದಿನಗಳಲ್ಲೇ ಹೊಸದಾಗಿ ಬಂದಿದ್ದ ಪಾದ್ರಿಯವರು ಆರಾಧನೆಯ ಕೊನೆಗೆ ಒಂದು ಪ್ರಕಟಣೆ ಓದಿದರು. ಸುತ್ತಮುತ್ತ ಹೊಸ ಕಟ್ಟಡಗಳೆದ್ದಿವೆ, ಜನ ಬಂದಿದ್ದಾರೆ, ಆದರೆ ನಮ್ಮ ಕಾರ್ಯಕ್ರಮಗಳಿಗೆ ಬರುತ್ತಿಲ್ಲ. ಹೆಸರು ನೋಡಿಯೇ ಇದು ನಮಗಲ್ಲ ಎಂದುಕೊಳ್ಳುತ್ತಿದ್ದಾರೋ ಏನೋ. ಮುಂದಿನ ಭಾನುವಾರ ಎಲ್ಲರೂ ಕೂತು ಹೆಸರುಗಳ ಬಗ್ಗೆ ಮಾತಾಡೋಣ. ಸಣ್ಣ ಧ್ವನಿಯ ಮನುಷ್ಯ, ಓದುವಾಗ ಕಾಗದ ನಡುಗುತ್ತಿತ್ತು. ಹಿರಿಯರ ಸಾಲಿನಲ್ಲಿ ಕೆಮ್ಮು ಶುರುವಾಯಿತು. ಆ ಚರ್ಚಿನಲ್ಲಿ ಅಸಮಾಧಾನಕ್ಕೆ ಕೆಮ್ಮೇ ಭಾಷೆ.

ಟೀಚರಮ್ಮ ಅಂದು ಸಂಜೆಯೇ ಅವಳ ಮನೆಗೆ ಬಂದರು. ಕೂರಲೂ ಇಲ್ಲ.

"ಉಳಿದದ್ದಕ್ಕೆಲ್ಲ ಏನಾದ್ರೂ ಹೆಸರಿಡಲಿ, ನಂಗೇನು. ನಮ್ಮಮ್ಮ ಇಟ್ಟ ಹೆಸರಿಗೆ ಕೈ ಹಾಕೋದು ಬೇಡ. ಅಲ್ಲಿ ನೀನು ಎದ್ದು ನಿಂತು ಎರಡು ಮಾತು ಹೇಳ್ಬೇಕು."

"ನಾನಾ?" ಎಂದಳು ಚಾಳೀಸಮ್ಮ.

"ನೀನೇ. ಮಕ್ಕಳಿಲ್ಲದವರು ಬರಲ್ಲ ಅಂತ ತಾನೇ ಅವರ ವಾದ? ನೀನು ಇಷ್ಟು ವರ್ಷದಿಂದ ಬರ್ತಿಲ್ವಾ? ನೀನು ಹೇಳಿದ್ರೆ ಯಾರೂ ಎದುರು ಮಾತಾಡಲ್ಲ."

ಚಾಳೀಸಮ್ಮ ತಲೆಯಾಡಿಸಿದಳು. ಹೂಂ ಎಂದದ್ದೋ ಉಹೂಂ ಎಂದದ್ದೋ ಅವಳಿಗೇ ತಿಳಿಯಲಿಲ್ಲ. ಟೀಚರಮ್ಮ ಹೂಂ ಎಂದೇ ತೆಗೆದುಕೊಂಡು ಸಮಾಧಾನವಾಗಿ ಮೆಟ್ಟಿಲಿಳಿದರು.

ಆ ವಾರವೆಲ್ಲ, ಜ್ವರ ಬಂದರೆ ಭಾನುವಾರ ಹೋಗುವುದು ತಪ್ಪುತ್ತದೆಂದು ಹಣೆ ಮುಟ್ಟಿ ನೋಡಿಕೊಂಡಳು, ಹಣೆ ತಣ್ಣಗಿತ್ತು. ಶುಕ್ರವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆಯಿದ್ದ ಹೊತ್ತಿನಲ್ಲಿ, ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಆ ಹೆಂಗಸೇ ಒಳಗೆ ಬಂದಳು. ವಾಲಿದ ಕನ್ನಡಕ ಈಗ ಮುರಿದೇ ಹೋಗಿತ್ತು. ಒಂದು ಕೈಯಲ್ಲಿ ಫ್ರೇಮು, ಇನ್ನೊಂದರಲ್ಲಿ ಕಡ್ಡಿ. ಹತ್ತಿರದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ, ಕನ್ನಡಕವಿಲ್ಲದೆ ನರ ಸಿಗುವುದಿಲ್ಲ, ಬೇಗ ಮಾಡಿಕೊಡುತ್ತೀರಾ ಎಂದು ಕೇಳಿದಳು. ಚಾಳೀಸಮ್ಮನನ್ನು ಗುರುತು ಹಿಡಿಯಲಿಲ್ಲ, ಕನ್ನಡಕವಿಲ್ಲವಲ್ಲ.

ಸ್ಕ್ರೂ ಚಾಳೀಸಮ್ಮನ ಬೆರಳಿನಿಂದ ಜಾರಿ ಮೇಜಿನ ಕೆಳಗೆ ಹೋಯಿತು. ಇನ್ನೊಂದನ್ನು ತೆಗೆದು ಹಾಕಿದಳು. ಕಡ್ಡಿ ಬಿಸಿ ಮಾಡಿ, ಕನ್ನಡಕವನ್ನು ಅವಳ ಮುಖಕ್ಕಿಟ್ಟು, ಕಿವಿಯ ಹಿಂದೆ ಬೆರಳಾಡಿಸಿ ಎಲ್ಲಿ ಒತ್ತುತ್ತದೆಂದು ನೋಡಿದಳು. ಆಗ ಆ ಹೆಂಗಸಿಗೆ ಎದುರಿನ ಮುಖ ಸ್ಪಷ್ಟವಾಯಿತು.

"ನೀವು ಆವತ್ತು..." ಎಂದಳು.

"ಆವತ್ತು ನಿಮ್ಮನ್ನ ಒಳಗೆ ಕರೀಬೇಕಿತ್ತು. ತಪ್ಪಾಯ್ತು," ಎಂದಳು ಚಾಳೀಸಮ್ಮ ಒಂದೇ ಉಸಿರಿಗೆ. "ನಂಗೂ ಮಕ್ಕಳಿಲ್ಲ. ಆದ್ರೂ ಬರ್ತೀನಿ. ನಿಮಗೂ ಯಾರೂ ಏನೂ ಅನ್ನಲ್ಲ."

ಆ ಹೆಂಗಸು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ನಂಗೆ ಇಬ್ಬರು ಮಕ್ಕಳಿದ್ದಾರೆ," ಎಂದಳು. "ಅವರಪ್ಪನ ಹತ್ತಿರ ಇದ್ದಾರೆ. ಕೋರ್ಟು ಹಾಗೇ ಹೇಳ್ತು. ತಿಂಗಳಿಗೊಂದು ಸಲ ನೋಡೋಕೆ ಬಿಡ್ತಾರೆ. ಆ ಬೋರ್ಡು ನೋಡಿದಾಗ ಅನ್ನಿಸ್ತು, ಒಳಗೆ ಹೋದ್ರೆ ಮೊದಲ ಪ್ರಶ್ನೆ ಮಕ್ಕಳೆಲ್ಲಿ ಅಂತಾನೇ ಬರುತ್ತೆ. ತಾಯಂದಿರಿಗೆ ಮಾತ್ರಾನಾ ಅಂತ ಅದಕ್ಕೇ ಕೇಳಿದ್ದು. ಅಲ್ಲ ಅಂದಿದ್ರೆ ಬರ್ತಿದ್ದೆ."

ಇಷ್ಟು ದಿನ ಚಾಳೀಸಮ್ಮ ಆ ಹೆಂಗಸಿನ ಮುಖಕ್ಕೆ ತನ್ನ ನೋವನ್ನೇ ಅಂಟಿಸಿ ಮರುಗಿದ್ದಳು. ಅಲ್ಲಿ ನೋಡಿದರೆ ಬೇರೆಯದೇ ನೋವು, ತನಗೆ ಊಹಿಸಲೂ ಬಾರದ್ದು. ಬಾಗಿಲು ಮಾತ್ರ ಇಬ್ಬರಿಗೂ ಒಂದೇ ಆಗಿತ್ತು. ಕನ್ನಡಕದ ಗಾಜು ಒರೆಸಿ ಕೊಟ್ಟಳು. ದುಡ್ಡು ಬೇಡವೆಂದರೆ ಅದೂ ಒಂದು 'ಪಾಪ' ಆದೀತೆಂದು ಹೆದರಿ, ತೆಗೆದುಕೊಂಡಳು.

ಭಾನುವಾರ ಆರಾಧನೆ ಮುಗಿದ ಮೇಲೆ ಜನ ಹಿಂದಿನ ಕೋಣೆಯಲ್ಲಿ ಸೇರಿದರು. ಶುರು ಚೆನ್ನಾಗಿಯೇ ಆಯಿತು. ಯುವಜನ ಸಂಘದ ಹೆಸರು ಬಂದಾಗ ನಗುವೆದ್ದಿತು. ಅದರ ಅಧ್ಯಕ್ಷರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು, ಕಾರ್ಯದರ್ಶಿಗೆ ಮೊಣಕಾಲು ನೋವಿಗೆ ಎದ್ದು ನಿಲ್ಲಲಾಗಲಿಲ್ಲ. ನಿಜವಾದ ಹುಡುಗರು ಗೇಟಿನ ಹೊರಗೇ ನಿಂತಿದ್ದರು. ಬಡವರ ಊಟ ಎಂದು ಭಾನುವಾರ ಮಧ್ಯಾಹ್ನ ನಡೆಯುತ್ತಿದ್ದ ಬಿಸಿಯೂಟದ ಮಾತು ಬಂತು. ಆ ಬೋರ್ಡಿನ ಕೆಳಗೆ ತಟ್ಟೆ ಹಿಡಿದು ನಿಲ್ಲಲು ಯಾರಿಗೂ ಮನಸ್ಸಾಗದೆ, ಮಾಡಿದ ಅಡುಗೆಯನ್ನು ಹಿರಿಯರೇ ಡಬ್ಬಿಗೆ ತುಂಬಿಸಿಕೊಂಡು ಒಯ್ಯುತ್ತಿದ್ದರು. ಅದನ್ನು ಭಾನುವಾರದ ಊಟ ಎಂದರೆ ಸಾಕು, ಎಲ್ಲರೂ ಕೂತು ಉಣ್ಣೋಣ ಎಂದು ಅಡುಗೆ ಮಾಡುವಾಕೆ ಹೇಳಿದಳು. ಅದಕ್ಕೂ ಒಪ್ಪಿಗೆಯಾಯಿತು. ಒಂದೊಂದು ಹೆಸರು ಮುಗಿದ ಹಾಗೆಲ್ಲ, ಪಟ್ಟಿ ಇನ್ನೂ ಉದ್ದವಿರಲಿ ದೇವರೇ ಎಂದು ಚಾಳೀಸಮ್ಮ ಬೇಡಿಕೊಂಡಳು.

ತಾಯಂದಿರ ಕೂಟ ಎಂದು ಪಾದ್ರಿಯವರು ಓದಿದರು. ಟೀಚರಮ್ಮ ಎದ್ದು ತಮ್ಮ ತಾಯಿಯ ಬಗ್ಗೆ ಹೇಳಿದರು. ಮನೆಯಿಂದ ಹೊರಗೆ ಕಾಲಿಡದ ಹೆಂಗಸರನ್ನು ಆಕೆ ಬಾಗಿಲು ಬಾಗಿಲು ತಟ್ಟಿ ಕರೆತಂದದ್ದು, ತಾಯಂದಿರ ಕೂಟ ಎಂದರೆ ಗಂಡಂದಿರು ಬೇಡವೆನ್ನಲಾರರೆಂದು ಆ ಹೆಸರಿಟ್ಟದ್ದು. ಚಾಳೀಸಮ್ಮನಿಗೂ ಅದು ಗೊತ್ತಿರದ ಸಂಗತಿ. ಕೆಲವರು ಕಣ್ಣೊರೆಸಿಕೊಂಡರು. ಮಾತು ಮುಗಿಸಿ ಟೀಚರಮ್ಮ ಇವಳತ್ತ ತಿರುಗಿ, ಹೇಳು ಎನ್ನುವಂತೆ ನೋಡಿದರು.

ಚಾಳೀಸಮ್ಮ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏನು ಹೇಳಬೇಕೆಂದು ಆ ಕ್ಷಣದವರೆಗೂ ಅವಳಿಗೆ ಗೊತ್ತಿರಲಿಲ್ಲ.

"ಈ ಹೆಸರು ನಂಗೆ ರೂಢಿ ಆಗಿದೆ," ಎಂದಳು. ಟೀಚರಮ್ಮ ತಲೆದೂಗಿದರು. "ಆದ್ರೆ ರೂಢಿ ಆಗೋಕೆ ತುಂಬಾ ವರ್ಷ ಹಿಡೀತು. ಹೊಸಬರು ಅಷ್ಟು ವರ್ಷ ಬಾಗಿಲಲ್ಲಿ ನಿಂತಿರಲ್ಲ. ಮೊನ್ನೆ ಒಬ್ಬರು ಬಂದಿದ್ರು. ಬೋರ್ಡು ಓದಿ ವಾಪಸ್ ಹೋದ್ರು. ನಾನೇ ಬಾಗಿಲಲ್ಲಿದ್ದೆ. ನನ್ನ ಬಾಯಿಂದಾನೇ ಬನ್ನಿ ಅಂತ ಬರಲಿಲ್ಲ."

ಅಷ್ಟು ಹೇಳಿ ಕೂತುಬಿಟ್ಟಳು. ಹಿಂದಿನ ಸಾಲಿನಿಂದ ಯಾರೋ ಪಕ್ಕದವರ ಕಿವಿಯಲ್ಲಿ, "ಪಾಪ," ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅದು ಕೇಳಿಸಿದ ಮೇಲೂ ಛಾವಣಿ ಕುಸಿಯಲಿಲ್ಲ ಎನ್ನುವುದೇ ಅವಳಿಗೆ ಆಶ್ಚರ್ಯ. ಟೀಚರಮ್ಮ ಮಾತ್ರ ಚೀಲ ಎತ್ತಿಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದರು.

ಹೆಸರು ಬದಲಾಯಿತು. ದೊಡ್ಡ ಚರ್ಚೆಯೇನೂ ಆಗಲಿಲ್ಲ. ತಲೆಗೊಂದು ಹೆಸರು ಸೂಚಿಸಿದರು. ಒಂದು ತೀರಾ ಹೂವಿನ ಹಾಗಿತ್ತು, ಇನ್ನೊಂದು ಬ್ಯಾಂಕಿನ ಹಾಗಿತ್ತು. ಕೊನೆಗೆ ಪಾದ್ರಿಯವರ ಹೆಂಡತಿ, ಗುರುವಾರ ಸೇರುತ್ತೀರಿ, ಗುರುವಾರದ ಕೂಟ ಅನ್ನಿ, ಎಂದರು. ಬಣ್ಣದವನು ಬಂದು ಬೋರ್ಡು ಬರೆದು ಹೋದ. ಹಳೆಯ ಅಕ್ಷರಗಳು ಹೊಸ ಬಣ್ಣದಡಿ ಮಸುಕಾಗಿ ಇನ್ನೂ ಕಾಣುತ್ತಿದ್ದವು.

ಮೊದಲ ಗುರುವಾರ ಹೊಸಬರು ಒಬ್ಬರೂ ಬರಲಿಲ್ಲ. ಹಳಬರಲ್ಲೂ ಅರ್ಧ ಜನ ಬರಲಿಲ್ಲ. ಟೀಚರಮ್ಮನ ಕುರ್ಚಿ ಖಾಲಿ. ಹಾಡು ಎತ್ತಿಕೊಡುತ್ತಿದ್ದವರು ಅವರೇ ಆದ್ದರಿಂದ ಹಾಡು ಎರಡನೆಯ ಸಾಲಿಗೇ ದಾರಿ ತಪ್ಪಿತು. ಮುಂದಿನ ವಾರವೂ ಅಷ್ಟೇ. ಚಾಳೀಸಮ್ಮ ಟೀಚರಮ್ಮನ ಮನೆಗೆ ಹೋದಳು. ಸೊಸೆ ಬಾಗಿಲು ತೆಗೆದು, ಅತ್ತೆ ಮಲಗಿದ್ದಾರೆ ಎಂದಳು. ಒಳಗಿನಿಂದ ರೇಡಿಯೋದ ಸ್ಟೇಷನ್ನು ಬದಲಾಯಿಸುವ ಸದ್ದು ಬರುತ್ತಿತ್ತು. ಫೋನು ಮಾಡಿದರೆ ಎತ್ತಲಿಲ್ಲ. ಅವರು ಕಟ್ಟಿದ್ದನ್ನು ನಾನು ಕೆಡವಿದೆ, ಬರಬೇಕಾದವರಿಗೂ ಆಗಲಿಲ್ಲ ಇದ್ದವರಿಗೂ ಆಗಲಿಲ್ಲ ಎಂದು ಅವಳು ಗಂಡನೆದುರು ಅತ್ತಳು. ಅವನಿಗೆ ಈ ಸಲ ಲಿಫ್ಟಿನ ಮಾತು ಯಾವುದೂ ಹೊಳೆಯಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತ.

ಒಂದು ಗುರುವಾರ, ಬೀಗ ತೆಗೆಯಲು ಬಂದರೆ ಟೀಚರಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಲೇಟು, ಎಂದರು ಅಷ್ಟೇ. ಒಳಗೆ ಬಂದು ತಮ್ಮ ಜಾಗದಲ್ಲಿ ಕೂತು, ತಾಯಂದಿರ ಕೂಟಕ್ಕೆ ಇಷ್ಟೇ ಜನಾನಾ ಎಂದು ಬೇಕೆಂದೇ ಹಳೆಯ ಹೆಸರು ಹೇಳಿದರು. ಯಾರೂ ತಿದ್ದಲಿಲ್ಲ. ಹಾಡು ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ಲ್ಯಾಬಿನ ಹೆಂಗಸು ಕಾಣಿಸಿಕೊಂಡಳು. ಈ ಸಲ ಚಾಳೀಸಮ್ಮ ಯೋಚಿಸಲು ಹೊತ್ತು ತೆಗೆದುಕೊಳ್ಳಲಿಲ್ಲ. ಹಾಡುತ್ತಲೇ ಎದ್ದು ಹೋಗಿ ಕೈ ಹಿಡಿದು ಕರೆತಂದಳು. ಬರುವವರ ಲೆಕ್ಕಕ್ಕೆ ಹಾಕಿದ್ದ ಕುರ್ಚಿಗಳಲ್ಲಿ ಖಾಲಿ ಇದ್ದದ್ದು ಟೀಚರಮ್ಮನ ಪಕ್ಕದ್ದು ಮಾತ್ರ.

ಪ್ರಾರ್ಥನೆ ಮುಗಿದದ್ದೇ ತಡ, ಟೀಚರಮ್ಮ ಶಾಲೆಯ ಧಾಟಿಯಲ್ಲೇ ಶುರುಮಾಡಿದರು. ಎಲ್ಲಿ ಮನೆ, ಏನು ಕೆಲಸ, ಮಕ್ಕಳೆಷ್ಟು. ಚಹಾ ಹಂಚುತ್ತಿದ್ದ ಚಾಳೀಸಮ್ಮನ ಕೈ ಅಲ್ಲೇ ನಿಂತಿತು. ಬೋರ್ಡು ಅಳಿಸಿದ್ದು ಯಾತಕ್ಕೆ ಬಂತು, ಪ್ರಶ್ನೆ ಒಳಗೇ ಕೂತಿದೆಯಲ್ಲ ಎಂದುಕೊಂಡಳು.

"ಇಬ್ಬರು," ಎಂದಳು ಲ್ಯಾಬಿನ ಹೆಂಗಸು. "ನನ್ನ ಜೊತೆ ಇಲ್ಲ. ಅವರಪ್ಪನ ಹತ್ತಿರ ಇದ್ದಾರೆ."

ಟೀಚರಮ್ಮ ಅವಳನ್ನು ನೋಡಿದರು. ಅವರ ಬಾಯಲ್ಲಿ ಮುಂದಿನ ಪ್ರಶ್ನೆ ಸಿದ್ಧವಾಗಿದ್ದದ್ದು ಎಲ್ಲರಿಗೂ ಕಾಣಿಸುತ್ತಿತ್ತು. ಅದನ್ನು ಅವರು ಕೇಳಲಿಲ್ಲ. ಬದಲಿಗೆ, "ನನ್ನ ಕೈಯಲ್ಲಿ ರಕ್ತ ತೆಗೆಯೋವಾಗ ಎಲ್ಲರೂ ಎರಡೆರಡು ಸಲ ಚುಚ್ತಾರಮ್ಮ," ಎಂದು ತೋಳು ಚಾಚಿದರು. "ಎಲ್ಲಿದೆ ನೋಡು ನರ."

ಆ ಹೆಂಗಸು ಎರಡು ಬೆರಳಿನಲ್ಲಿ ತೋಳನ್ನು ಒತ್ತಿ ಒತ್ತಿ ಹುಡುಕಿದಳು. ಇನ್ನಿಬ್ಬರು ತಮ್ಮ ತಮ್ಮ ತೋಳಿನೊಂದಿಗೆ ಹತ್ತಿರ ಸರಿದರು.

ಕೂಟ ಮುಗಿದು ಎಲ್ಲರೂ ಹೋದ ಮೇಲೆ ಟೀಚರಮ್ಮ ಮತ್ತು ಚಾಳೀಸಮ್ಮ ಬಸ್ ನಿಲ್ದಾಣದ ತನಕ ಜೊತೆಯಾಗಿ ನಡೆದರು.

"ಇಷ್ಟು ವರ್ಷ ನೀನು ಮುಳ್ಳು ಚುಚ್ಚಿಸಿಕೊಂಡು ಕೂತಿದ್ದೆ. ನಂಗೆ ಒಂದು ಮಾತು ಹೇಳ್ಬಹುದಿತ್ತು," ಎಂದರು ಟೀಚರಮ್ಮ.

"ಹೇಳಿದ್ರೆ ನೀವು ಬೇಜಾರು ಮಾಡ್ಕೊತಿದ್ರಿ, ಅಕ್ಕ."

"ಈಗ ಮಾಡ್ಕೊಳ್ಳಲಿಲ್ವಾ?"

ಕ್ಷಮೆ ಕೇಳಬೇಕೇ, ನಗಬೇಕೇ ತಿಳಿಯದೆ ಚಾಳೀಸಮ್ಮ ಚೀಲದ ಹಿಡಿ ತಿರುಚುತ್ತ ನಿಂತಳು. ಬಸ್ಸು ಬಂತು. ಟೀಚರಮ್ಮ ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಪಕ್ಕದ ಜಾಗದ ಮೇಲೆ ಕೈಯಿಟ್ಟು ಬೇರೆ ಯಾರೂ ಕೂರದಂತೆ ಕಾಯ್ದರು. ಚಾಳೀಸಮ್ಮ ನೂಕುನುಗ್ಗಲಿನಲ್ಲಿ ದಾರಿ ಮಾಡಿಕೊಂಡು ಬಂದು ಅಲ್ಲಿ ಕೂತಳು.